ಮೂವತ್ತೊಂಬತ್ತು ಬೈಟಿನ ಊರು

ವಿರೂಪಾಕ್ಷಿಪುರ ಹೋಬಳಿಯ ಹಳ್ಳಿಗಳಿಂದ ಚನ್ನಪಟ್ಟಣಕ್ಕೆ ಬಸ್ಸು ಹಿಡಿದು, ಅಲ್ಲಿಂದ ರೈಲು ಹತ್ತಿ ರಾಮನಗರ, ಬೆಂಗಳೂರು, ಮಂಡ್ಯದ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳಿಗೆ,

ನಿಮ್ಮಲ್ಲಿ ಅರ್ಧ ಜನರ ಅಪ್ಪಂದಿರು ನನಗೆ ಗೊತ್ತು, ಉಳಿದರ್ಧ ಜನರ ತಾತಂದಿರು ಗೊತ್ತು. ಬೆಳಗ್ಗೆ ಆರೂವರೆಗೆ ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು ಬಸ್ಸಿಗೆ ನಿಂತಿರುತ್ತೀರಿ. ನಾನು ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ನಿಮ್ಮೆದುರಿಗೇ ಹಾದುಹೋಗುತ್ತೇನೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಮಾತಾಡಿಸಿದರೆ ಬಸ್ಸು ತಪ್ಪುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಕಾಗದ.

ಸುತ್ತಿ ಬಳಸದೆ ಹೇಳುತ್ತೇನೆ. ನಮ್ಮ ರೇಷ್ಮೆ ಬೆಳೆಗಾರರ ಗುಂಪಿನ ಲೆಕ್ಕಪತ್ರವೆಲ್ಲ ಒಂದು ಪ್ರೋಗ್ರಾಮಿನಲ್ಲಿದೆ. ಅದನ್ನು ಬರೆದವನು ನಾನು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಬಾಕಿ ಇದೆ. ಆ ಪ್ರೋಗ್ರಾಮನ್ನು ಮುಂದೆ ನೋಡಿಕೊಳ್ಳುವ ಒಬ್ಬರೋ ಇಬ್ಬರೋ ಬೇಕಾಗಿದ್ದಾರೆ. ಪ್ರೋಗ್ರಾಂ ಇರುವುದು ಪ್ಯಾಸ್ಕಲ್‌ನಲ್ಲಿ.

ಈ ಮಾತನ್ನು ಕಳೆದ ಯುಗಾದಿಗೆ ನಿಮ್ಮಲ್ಲೊಬ್ಬ ಹುಡುಗನ ಹತ್ತಿರ ಹೇಳಿದ್ದೆ. ಅವನು ಬಹಳ ಮರ್ಯಾದೆಯಿಂದ, "ಅಂಕಲ್, ಪ್ಯಾಸ್ಕಲ್ ಅಂದ್ರೆ ಒತ್ತಡ ಅಳೆಯೋ ಯೂನಿಟ್ ಅಲ್ವಾ?" ಅಂದ. ಹೌದು ಕಣಪ್ಪ, ಆ ಪುಣ್ಯಾತ್ಮನೇ. ಬ್ಲೇಸ್ ಪ್ಯಾಸ್ಕಲ್. ಅವನಪ್ಪ ಫ್ರಾನ್ಸಿನ ರುವಾನ್ ಪಟ್ಟಣದಲ್ಲಿ ಕಂದಾಯದ ಅಧಿಕಾರಿ. ಅಪ್ಪ ರಾತ್ರಿಯೆಲ್ಲ ಕೂಡಿ ಕಳೆಯುವುದನ್ನು ನೋಡಲಾರದೆ, ಇನ್ನೂ ಇಪ್ಪತ್ತು ತುಂಬದ ಹುಡುಗ 1642ರಲ್ಲಿ ಹಲ್ಲುಚಕ್ರಗಳ ಲೆಕ್ಕದ ಯಂತ್ರ ಮಾಡಲು ಕೂತ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೇಷ್ಟ್ರಾಗಿದ್ದ ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಪಾಠಕ್ಕೆಂದೇ ಒಂದು ಭಾಷೆ ಕಟ್ಟಿ ಅದಕ್ಕೆ ಅವನ ಹೆಸರಿಟ್ಟರು. ವಿರ್ತ್ 2024ರ ಜನವರಿ 1ರಂದು ತೀರಿಕೊಂಡರು. ಸುದ್ದಿ ನೋಡಿದ ದಿನ ನಾನು ಸೊಪ್ಪು ಕೊಯ್ಯುವುದನ್ನು ಬಿಟ್ಟು ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮವಳು ಯಾರೋ ನೆಂಟರು ಹೋದರೆಂದೇ ತಿಳಿದಿದ್ದಳು.

ನನಗೆ ಈ ಭಾಷೆಯ ಗುರುತಾದದ್ದು ಬೆಂಗಳೂರಿನ ಕಾರ್ಖಾನೆಯಲ್ಲಿ. ಎಂಬತ್ತರ ದಶಕದ ಕೊನೆ. ಸ್ಟೋರ್ಸ್ ವಿಭಾಗಕ್ಕೆ ಒಂದೇ ಒಂದು ಪಿ.ಸಿ. ಬಂದಿತ್ತು, ಅದರಲ್ಲಿ ಟರ್ಬೊ ಪ್ಯಾಸ್ಕಲ್ ಇತ್ತು. ಬೋರ್ಲೆಂಡ್ ಕಂಪನಿ 1983ರಲ್ಲಿ ಅದನ್ನು ಐವತ್ತು ಡಾಲರಿಗೆ ಐದು ಸೆಂಟ್ ಕಡಮೆ ಬೆಲೆಗೆ ಮಾರಿ ದೊಡ್ಡ ಕಂಪನಿಗಳ ಹೊಟ್ಟೆ ಉರಿಸಿತ್ತು. ಬರೆಯುವುದು, ಕಂಪೈಲ್ ಮಾಡುವುದು, ಓಡಿಸುವುದು ಎಲ್ಲ ಒಂದೇ ಪರದೆಯಲ್ಲಿ. ಊಟದ ಬಿಡುವಿನಲ್ಲಿ ಕಲಿತೆ. ಆಮೇಲೆ ಕಾರ್ಖಾನೆ ಬೇರೆ ಬೇರೆ ಸಾಫ್ಟ್‌ವೇರ್ ತಂದಿತು, ನಾನೂ ಮರೆತೆ.

ಮತ್ತೆ ನೆನಪು ಮಾಡಿಸಿದ್ದು ಒಂದು ಬೀಗ.

ನಿವೃತ್ತಿಯಾಗಿ ಊರಿಗೆ ಬಂದಾಗ ನಮ್ಮ ಗುಂಪಿನವರು ಪೇಟೆಯ ಒಬ್ಬರಿಂದ ಲೆಕ್ಕದ ಪ್ರೋಗ್ರಾಂ ಕೊಂಡು ಮೂರು ವರ್ಷವಾಗಿತ್ತು. ಯಾರು ಎಷ್ಟು ಮೊಟ್ಟೆ ತಂದರು, ಚಾಕಿ ಹುಳಕ್ಕೆ ಎಷ್ಟು ಕೊಟ್ಟರು, ಗೂಡು ಎಷ್ಟು ತೂಗಿತು, ಯಾವ ದರಕ್ಕೆ ಹೋಯಿತು, ಗುಂಪಿನ ಕೈಸಾಲ ಎಷ್ಟು ತೀರಿತು, ಎಲ್ಲ ಅದರಲ್ಲಿ. ಒಂದು ಮಳೆಗಾಲದಲ್ಲಿ ಕಂಪ್ಯೂಟರ್ ಕೆಟ್ಟಿತು. ಹೊಸ ಯಂತ್ರಕ್ಕೆ ಹಾಕಿದರೆ ಪ್ರೋಗ್ರಾಂ ಕೀ ಕೇಳಿತು. ಮಾಡಿಕೊಟ್ಟವರ ಫೋನು ಹೋಗಲಿಲ್ಲ. ಹುಡುಕಿಕೊಂಡು ಹೋದರೆ ಅವರ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಕವರ್ ನೇತಾಡುತ್ತಿದ್ದವು. ದತ್ತಾಂಶದ ಫೈಲು ನಮ್ಮ ಪೆನ್‌ಡ್ರೈವಿನಲ್ಲೇ ಇತ್ತು, ತೆರೆಯುವ ದಾರಿ ಇರಲಿಲ್ಲ. ಕಣಜ ನಮ್ಮದು, ರಾಗಿ ನಮ್ಮದು, ಬೀಗದ ಕೈ ಮಾತ್ರ ಊರು ಬಿಟ್ಟವನ ಜೇಬಿನಲ್ಲಿ. ಮೂರು ವರ್ಷದ ಲೆಕ್ಕವನ್ನು ಚೀಟಿ, ಪಾಸ್‌ಬುಕ್ಕು, ರಾಮನಗರದ ಗೂಡಿನ ಮಾರುಕಟ್ಟೆಯ ರಸೀದಿ ನೋಡಿಕೊಂಡು ಮತ್ತೆ ಬರೆದೆವು. ಅಷ್ಟರಲ್ಲಿ ಇಬ್ಬರು ಮಾತು ಬಿಟ್ಟಿದ್ದರು.

ಆಗಲೇ ನಾನು ಹುಡುಕಿದ್ದು: ನನಗೆ ಗೊತ್ತಿರುವ ಭಾಷೆಯಲ್ಲಿ, ದುಡ್ಡು ಕೊಡದೆ, ಯಾರ ಕೀಲಿಯೂ ಬೇಡದೆ ಬರೆಯಲು ಏನಾದರೂ ಉಂಟೇ ಎಂದು. ಸಿಕ್ಕಿದ್ದು ಫ್ರೀ ಪ್ಯಾಸ್ಕಲ್ ಎಂಬ ಕಂಪೈಲರ್, ಅದರ ಜೊತೆಗೆ ಪ್ರೋಗ್ರಾಂ ಬರೆದು ಕಟ್ಟುವ ಪರಿಸರ ಲಜಾರಸ್.

ಫ್ರೀ ಪ್ಯಾಸ್ಕಲ್ ಹುಟ್ಟಿದ್ದೂ ಒಂದು ನಿರಾಸೆಯಿಂದಲೇ. ಡಾಸ್‌ಗೆ 32 ಬಿಟ್ಟಿನ ಟರ್ಬೊ ಪ್ಯಾಸ್ಕಲ್ ಬರುವುದಿಲ್ಲ ಎಂದು ಗೊತ್ತಾದಾಗ ಫ್ಲೋರಿಯಾನ್ ಕ್ಲೆಂಪ್ಫ್ಲ್ ಎಂಬ ಜರ್ಮನಿಯ ವಿದ್ಯಾರ್ಥಿ, ನಿಮ್ಮ ವಯಸ್ಸಿನವನೇ, 1993ರಲ್ಲಿ ತಾನೇ ಕಂಪೈಲರ್ ಬರೆಯಲು ಶುರು ಮಾಡಿದ. ಬರೆದದ್ದು ಪ್ಯಾಸ್ಕಲ್‌ನಲ್ಲೇ. ಮೊದಮೊದಲು ಅದನ್ನು ಟರ್ಬೊ ಪ್ಯಾಸ್ಕಲ್ ಕಂಪೈಲ್ ಮಾಡಿಕೊಡುತ್ತಿತ್ತು; ಎರಡು ವರ್ಷದಲ್ಲಿ ಅದು ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳುವಷ್ಟು ಬೆಳೆಯಿತು. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂದು ನಮ್ಮೂರ ಕಟ್ಟೆಯಲ್ಲಿ ವಾದ ಮಾಡುವವರಿಗೆ ಇದನ್ನು ತೋರಿಸಬೇಕು. ಲಜಾರಸ್ 1999ರದ್ದು. ಅದಕ್ಕೂ ಮೊದಲು ಇಂಥದೇ ಪರಿಸರ ಕಟ್ಟುವ ಆಸೆಯಿಂದ ಶುರುವಾಗಿದ್ದ ಇನ್ನೊಂದು ಯೋಜನೆ ನಿಂತುಹೋಗಿತ್ತು; ಅದರಲ್ಲಿದ್ದ ಕೆಲವರೇ ಮತ್ತೆ ಎದ್ದು ಇದನ್ನು ಕಟ್ಟಿದರು. ಬೈಬಲ್ಲಿನಲ್ಲಿ ಸತ್ತು ಬದುಕಿ ಬಂದವನ ಹೆಸರಿಟ್ಟರು. 1.0 ಎಂಬ ಅಂಕೆ ಹಾಕಿಕೊಳ್ಳಲು 2012ರವರೆಗೆ ತಡೆದರು. ಹದಿಮೂರು ವರ್ಷ! ವಾರಕ್ಕೊಂದು ಅಪ್‌ಡೇಟ್ ನೋಡುವ ನಿಮಗೆ ನಗು ಬರಬಹುದು, ನನಗೆ ಈ ನಿಧಾನ ಇಷ್ಟ. ಈಗ ನಾನು ಬಳಸುವ ಕಂಪೈಲರ್ 3.2.2, ಅದು 2021ರದ್ದು. ಅಂದು ಕಂಪೈಲ್ ಆದದ್ದು ಇಂದೂ ಆಗುತ್ತದೆ.

ಈ ಎರಡನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಬಿಚ್ಚಿ ನೋಡಬಹುದು, ತಿದ್ದಬಹುದು. ಕಂಪೈಲರ್ ಜಿ.ಪಿ.ಎಲ್. ಪರವಾನಗಿಯಲ್ಲಿದೆ. ಅದರ ಜೊತೆ ಬರುವ ಲೈಬ್ರರಿಗಳಿಗೆ ಸಡಿಲ ಮಾಡಿದ ಎಲ್.ಜಿ.ಪಿ.ಎಲ್. ಇದೆ, ಆದ್ದರಿಂದ ನೀವು ಬರೆದದ್ದನ್ನು ಮುಚ್ಚಿಟ್ಟು ಮಾರಿದರೂ ಯಾರೂ ಕೇಳುವುದಿಲ್ಲ. (ಚನ್ನಪಟ್ಟಣದವನು, ಇನ್ನೇನು ಗೊಂಬೆ ಕಡೆಯುವವರ ಉಳಿಗೂ ಇದಕ್ಕೂ ಹೋಲಿಕೆ ತರುತ್ತಾನೆ ಎಂದು ಕಾಯುತ್ತಿದ್ದೀರಿ. ತರುವುದಿಲ್ಲ. ಆ ಗೊಂಬೆಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.)

ಭಾಷೆಯ ಸ್ವಭಾವ ಎಂಥದ್ದು ಅಂತ ಕೇಳುತ್ತೀರಿ. ಹಳೇ ಕಾಲದ ಶಾನುಭೋಗರ ಸ್ವಭಾವ. ಮೊದಲು ಪಟ್ಟಿ ಕೊಡು, ಆಮೇಲೆ ಕೆಲಸ ಕೇಳು. ಯಾವ ಹೆಸರು ಬಳಸುತ್ತೀಯ, ಅದರಲ್ಲಿ ಏನು ತುಂಬುತ್ತೀಯ ಎಂದು ಮೇಲೆಯೇ ಬರೆಯಬೇಕು. ಸಂಖ್ಯೆಯ ಜಾಗದಲ್ಲಿ ಹೆಸರು ತುರುಕಿದರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಬೆಲೆ ಕೊಡುವುದಕ್ಕೆ ಒಂದು ಚಿಹ್ನೆ, ಹೋಲಿಸುವುದಕ್ಕೆ ಬೇರೆ ಚಿಹ್ನೆ. ಸಿ ಭಾಷೆಯಲ್ಲಿ ಇಫ್ ಒಳಗೆ ಒಂದು ಸಮ ಚಿಹ್ನೆ ಬಿಟ್ಟು ರಾತ್ರಿಯೆಲ್ಲ ತಪ್ಪು ಹುಡುಕಿದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಇಲ್ಲಿ ಅದು ಕಂಪೈಲೇ ಆಗುವುದಿಲ್ಲ. ಕೊನೆಯ ಎಂಡ್ ಪದದ ಮುಂದೆ ಪೂರ್ಣವಿರಾಮ ಇಡಬೇಕು. ಎಲ್ಸ್ ಪದದ ಹಿಂದೆ ಸೆಮಿಕೋಲನ್ ಇಡಬಾರದು. ಈ ಕೊನೆಯದನ್ನು ನಾನು ಇವತ್ತಿಗೂ ತಪ್ಪು ಮಾಡುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ, ನಿಮ್ಮ ಮನೆಯದೇ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಐದನೇ ಜ್ವರ ಅನ್ನುವುದೇ ಇಲ್ಲ; ನಾಲ್ಕನೆಯದು ಎದ್ದ ಮೇಲೆ ತಿಂದು ತಿಂದು ಹಣ್ಣಾಗಿ ಚಂದ್ರಿಕೆ ಹತ್ತುವುದೇ. ಪ್ಯಾಸ್ಕಲ್‌ನಲ್ಲಿ ಈ ಸಂಗತಿಯನ್ನೇ ಒಂದು ಬಗೆಯಾಗಿ ಘೋಷಿಸಬಹುದು: ಜ್ವರ ಎಂದರೆ ಒಂದರಿಂದ ನಾಲ್ಕು. ಅಷ್ಟೇ. ಆಮೇಲೆ ಯಾರಾದರೂ ಅವಸರದಲ್ಲಿ ಐದು ಎಂದು ಒತ್ತಿದರೆ ಪ್ರೋಗ್ರಾಂ ರೇಂಜ್ ಚೆಕ್ ಎರರ್ ಎಂದು ನಿಲ್ಲುತ್ತದೆ. ಈ ಪರೀಕ್ಷೆ ತಾನಾಗಿ ಚಾಲೂ ಇರುವುದಿಲ್ಲ, ನಾವೇ ಹಾಕಬೇಕು. ಒಂದು ಬೆಳೆ ಪೂರ್ತಿ ಹಾಕದೆ ಬಿಟ್ಟಿದ್ದೆ, ನಮ್ಮ ಗುಂಪಿನ ದಾಖಲೆಯಲ್ಲಿ ಒಬ್ಬರ ಹುಳ ನಲವತ್ತನಾಲ್ಕನೇ ಜ್ವರಕ್ಕೆ ಕೂತಿತ್ತು.

ದುಡ್ಡಿನ ವಿಷಯಕ್ಕೆ ಬಂದರೆ ಇನ್ನೊಂದು ಪಾಠ. ಮೊದಲು ರೂಪಾಯಿಯನ್ನು ಡಬಲ್ ಎಂಬ ದಶಮಾಂಶದ ಬಗೆಯಲ್ಲಿ ಇಟ್ಟಿದ್ದೆ. ಯಂತ್ರ ಎಣಿಸುವುದು ಎರಡರ ಲೆಕ್ಕದಲ್ಲಿ. ಹತ್ತು ಪೈಸೆ ಎನ್ನುವುದು ಅದಕ್ಕೆ ಎಂದೂ ಮುಗಿಯದ ಭಿನ್ನರಾಶಿ. ಹತ್ತು ಪೈಸೆಯನ್ನು ಹತ್ತು ಸಲ ಕೂಡಿದರೆ ಒಂದು ರೂಪಾಯಿಗೆ ಕೂದಲೆಳೆ ಕಡಮೆ ಬರುತ್ತದೆ. ಆ ಕೂದಲೆಳೆ ವರ್ಷದ ಕೊನೆಗೆ ಜಮಾ ಖರ್ಚಿನಲ್ಲಿ ಒಂದು ಪೈಸೆಯ ವ್ಯತ್ಯಾಸವಾಗಿ ಎದ್ದು ನಿಂತಿತು. ಗುಂಪಿನ ಖಜಾಂಚಿ ಹೆಂಗಸು ಒಂದು ಪೈಸೆ ಅಂತ ಬಿಡುವ ಪೈಕಿ ಅಲ್ಲ. "ಇವತ್ತು ಒಂದ್ ಪೈಸೆ ತಿನ್ನೋ ಮಿಷನ್ನು ನಾಳೆ ಒಂದ್ ಲಕ್ಷ ತಿಂದ್ರೆ ಯಾರಣ್ಣ ಕೊಡ್ತಾರೆ?" ಅಂದರು. ನ್ಯಾಯವಾದ ಮಾತು. ಫ್ರೀ ಪ್ಯಾಸ್ಕಲ್‌ನಲ್ಲಿ ಕರೆನ್ಸಿ ಎಂಬ ಬಗೆಯೇ ಬೇರೆ ಇದೆ. ಮೊತ್ತವನ್ನು ಒಳಗೆ ಹತ್ತು ಸಾವಿರದಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತದೆ, ನಾಲ್ಕು ದಶಮಾಂಶ ಸ್ಥಾನದವರೆಗೆ ಚೂರೂ ಸೋರುವುದಿಲ್ಲ. ಒಂದು ಭಾನುವಾರ ಕೂತು ಎಲ್ಲ ಡಬಲ್‌ಗಳನ್ನೂ ಬದಲಾಯಿಸಿದೆ. ಅವರು ಸಮಾಧಾನವಾಗಿ ಕಾಫಿ ಕುಡಿದು ಹೋದರು.

ಈಗ ಮೇಲಿನ ತಲೆಬರಹದ ಕಥೆ.

ಶುರುವಿನಲ್ಲಿ ನಾನು ಹಳೇ ಅಭ್ಯಾಸದಂತೆ ಪ್ರತಿ ಸದಸ್ಯರಿಗೂ ಒಂದು ರೆಕಾರ್ಡು ಮಾಡಿ, ರೆಕಾರ್ಡುಗಳ ಫೈಲಿನಲ್ಲಿ ತುಂಬುತ್ತಿದ್ದೆ. ಅಂಥ ಫೈಲಿನಲ್ಲಿ ಪ್ರತಿ ರೆಕಾರ್ಡಿನ ಉದ್ದ ಒಂದೇ ಇರಬೇಕು, ಆದ್ದರಿಂದ ಊರಿನ ಹೆಸರಿಗೆ 20 ಅಕ್ಷರದ ಜಾಗ ಅಂತ ನಿಗದಿ ಮಾಡಿದೆ. ವಿರೂಪಾಕ್ಷಿಪುರ ಆರು ಅಕ್ಷರದ ಹೆಸರು, ಇಪ್ಪತ್ತು ಧಾರಾಳವಾಯಿತು ಅಂತ ನನ್ನ ಲೆಕ್ಕ. ಮೊದಲ ಬಿಲ್ಲು ಅಚ್ಚಾಗಿ ಬಂದಾಗ ಊರಿನ ಹೆಸರು 'ವಿರೂಪಾ' ಎಂದು ಬಂದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ನಿಂತಿತ್ತು. "ಊರಿಗೇ ಮೂಗು ಕೊಯ್ದುಬುಟ್ಟದಲ್ಲಣ್ಣ ನಿನ್ ಕಂಪ್ಯೂಟ್ರು" ಅಂತ ನಕ್ಕರು.

ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಲಜಾರಸ್ ಅಕ್ಷರಗಳನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಇಡುತ್ತದೆ. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಮೊದಲ ಬೈಟು ಯಾವಾಗಲೂ 224, ಎರಡನೆಯದು 178 ಅಥವಾ 179. ಗುಡಿಸು, ಕೊಂಬು, ದೀರ್ಘ, ಒತ್ತು ತರುವ ವಿರಾಮ, ಎಲ್ಲಕ್ಕೂ ಬೇರೆ ಬೇರೆ ಚಿಹ್ನೆ. ನಮ್ಮೂರ ಹೆಸರನ್ನು ಬಿಡಿಸಿ: ವ, ಗುಡಿಸು, ರ, ಕೊಂಬಿನ ದೀರ್ಘ, ಪ, ಇಳಿ, ಕ, ವಿರಾಮ, ಷ, ಗುಡಿಸು, ಪ, ಕೊಂಬು, ರ. ಹದಿಮೂರು. ಮೂರರಿಂದ ಗುಣಿಸಿದರೆ ಮೂವತ್ತೊಂಬತ್ತು ಬೈಟು. ಪ್ಯಾಸ್ಕಲ್‌ನ ಲೆಂಗ್ತ್ ಎಂಬ ಕಾರ್ಯ ಕೇಳಿದರೆ 39 ಅನ್ನುತ್ತದೆ. ಲಜಾರಸ್ಸಿನ ಯುಟಿಎಫ್8ಲೆಂಗ್ತ್ 13 ಅನ್ನುತ್ತದೆ. ಒಂದನೇ ಕ್ಲಾಸಿನ ಮಗು ಬೆರಳು ಮಡಚಿ 6 ಅನ್ನುತ್ತದೆ. ಮೂರೂ ಸರಿಯೇ. ಇಪ್ಪತ್ತು ಬೈಟಿಗೆ ಕತ್ತರಿ ಹಾಕಿದಾಗ ಆರು ಚಿಹ್ನೆ ಪೂರ್ತಿ ಉಳಿದು, ಕ ಕಾರದ ಮೂರು ಬೈಟಿನಲ್ಲಿ ಎರಡು ಮಾತ್ರ ಸಿಕ್ಕಿ, ಆ ಮುರುಕು ಪ್ರಶ್ನಾರ್ಥಕವಾಗಿ ಕೂತಿತ್ತು.

ಮಗು ಎಣಿಸಿದ ಹಾಗೆ ಎಣಿಸುವ ಕಾರ್ಯ ನಾನೇ ಬರೆದೆ. ಸ್ವರಚಿಹ್ನೆ ಬಂದರೆ ಎಣಿಸಬೇಡ, ವಿರಾಮ ಬಂದರೆ ಮುಂದಿನ ವ್ಯಂಜನವನ್ನು ಹಿಂದಿನದಕ್ಕೆ ಕಟ್ಟು. ಮೂವತ್ತು ಸಾಲು ಆಯಿತು. ಕಾರ್ಖಾನೆಯಲ್ಲಿ ಕಳೆದ ಮೂವತ್ತು ವರ್ಷದಲ್ಲಿ ಬರೆದ ಯಾವುದೂ ನನಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ. ಆಮೇಲೆ ರೆಕಾರ್ಡಿನ ಫೈಲು ಬಿಟ್ಟು ಎಲ್ಲವನ್ನೂ ಎಸ್‌ಕ್ಯೂಲೈಟ್‌ಗೆ ಸಾಗಿಸಿದೆ. ಅದೂ ಯಾರ ಸೊತ್ತೂ ಅಲ್ಲದ ಡೇಟಾಬೇಸು, ಇಡೀ ಗುಂಪಿನ ಲೆಕ್ಕ ಒಂದೇ ಫೈಲಿನಲ್ಲಿ ಕೂರುತ್ತದೆ. ನಾಳೆ ನನ್ನ ಪ್ರೋಗ್ರಾಂ ಸುಟ್ಟುಹೋದರೂ ಆ ಫೈಲನ್ನು ಬೇರೆ ಹತ್ತು ಸಾಧನಗಳಿಂದ ತೆರೆಯಬಹುದು. ಬೀಗದ ಕಥೆ ಅಷ್ಟಾದರೂ ಕಲಿಸಿತು.

2025ರ ಮೇ ತಿಂಗಳಲ್ಲಿ ಸರ್ಕಾರ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತಲ್ಲ, ಆಗ ರಸೀದಿಯ ಮೇಲಿನ ಜಿಲ್ಲೆಯ ಹೆಸರು ಬದಲಿಸಬೇಕಾಯಿತು. ಅದನ್ನು ನಾನು ಕಾನ್‌ಸ್ಟಂಟ್ ಎಂದು, ಅಂದರೆ ಎಂದೂ ಬದಲಾಗದ್ದು ಎಂದು ಘೋಷಿಸಿದ್ದೆ. ಬೆಂಗಳೂರು ಗ್ರಾಮಾಂತರದಿಂದ ಒಡೆದು 2007ರಲ್ಲಿ ಜಿಲ್ಲೆ ಆದಾಗಲೇ ಎಚ್ಚರವಾಗಬೇಕಿತ್ತು. ಪುಣ್ಯಕ್ಕೆ ಒಂದೇ ಕಡೆ ಘೋಷಿಸಿದ್ದರಿಂದ ಒಂದು ಸಾಲು ತಿದ್ದಿ ಎಫ್9 ಒತ್ತಿದೆ. ಕೀ ಕೊಟ್ಟವನನ್ನು ಹುಡುಕಿಕೊಂಡು ಪೇಟೆ ಸುತ್ತುವ ಕೆಲಸ ಈ ಸಲ ಇರಲಿಲ್ಲ.

ನಿಮ್ಮ ಪ್ರಶ್ನೆ ನನಗೆ ಕೇಳಿಸುತ್ತಿದೆ. "ಇದನ್ನ ಕಲಿತ್ರೆ ಕೆಲಸ ಸಿಗುತ್ತಾ ಅಂಕಲ್?"

ಸಿಗುವುದಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಕರೆಸಿಕೊಳ್ಳುವ ಆಸೆ ನನಗಿಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಪೈಥಾನ್, ಜಾವಾ ಕೇಳುತ್ತವೆ, ಅದನ್ನೇ ಚೆನ್ನಾಗಿ ಓದಿ. ಹಾಗೆಂದು ಪ್ಯಾಸ್ಕಲ್ ಮ್ಯೂಸಿಯಮ್ಮಿನ ವಸ್ತುವೂ ಅಲ್ಲ. ಡೊನಾಲ್ಡ್ ಕ್ನೂತ್ ಗಣಿತದ ಪುಸ್ತಕ ಅಚ್ಚುಮಾಡಲು ಮಾಡಿದ ಟೆಕ್ ತಂತ್ರಾಂಶದ ಮೂಲ ಪ್ಯಾಸ್ಕಲ್ ಆಧಾರಿತ. ನೀವು ಫೈಲು ಹಿಂಡಿ ಕಟ್ಟಲು ಬಳಸಬಹುದಾದ ಪೀಜಿಪ್ ಲಜಾರಸ್‌ನಲ್ಲಿ ಬರೆದದ್ದು. ಆದರೆ ನಾನು ನಿಮ್ಮನ್ನು ಕರೆಯುತ್ತಿರುವುದು ಈ ಯಾವ ಕಾರಣಕ್ಕೂ ಅಲ್ಲ. ನಿಮ್ಮ ಕಾಲೇಜಿನ ಪ್ರಾಜೆಕ್ಟುಗಳನ್ನು ನೋಡಿದ್ದೇನೆ. ಆನ್‌ಲೈನ್ ಲೈಬ್ರರಿ, ಹೋಟೆಲ್ ಬುಕಿಂಗ್, ಹಿಂದಿನ ವರ್ಷದವರ ಫೈಲಿನಲ್ಲಿ ಹೆಸರು ಬದಲಿಸಿದ್ದು. ಅವನ್ನು ಯಾರೂ ಬಳಸುವುದಿಲ್ಲ, ವೈವಾ ಮುಗಿದ ಸಂಜೆಗೆ ಅವುಗಳ ಆಯಸ್ಸು ಮುಗಿಯಿತು. ಇಲ್ಲಿ ಒಂದು ಪ್ರೋಗ್ರಾಂ ಇದೆ, ಅದು ತಪ್ಪು ಲೆಕ್ಕ ಹೇಳಿದರೆ ಸಂಜೆಯೊಳಗೆ ಬಾಗಿಲಿಗೆ ಜನ ಬರುತ್ತಾರೆ.

"ಎ.ಐ.ಗೆ ಹೇಳಿದ್ರೆ ಬರ್ಕೊಡುತ್ತೆ" ಅಂದಳು ನನ್ನ ತಂಗಿಯ ಮೊಮ್ಮಗಳು. ಬರೆಸಿದೆವು. ಬಹಳ ಅಂದವಾಗಿ ಬರೆದುಕೊಟ್ಟಿತು. ಆದರೆ ಬಿಗಿನ್ ಆದಮೇಲೆ, ಸಾಲುಗಳ ನಡುವೆಯೇ ಹೊಸ ವೇರಿಯೆಬಲ್ ಘೋಷಿಸಿತ್ತು. ಮಾರಾಟದ ಪ್ಯಾಸ್ಕಲ್ ಆದ ಡೆಲ್ಫಿ ಅದನ್ನು ಈಗೀಗ ಒಪ್ಪುತ್ತದೆ, ನಮ್ಮ 3.2.2 ಒಪ್ಪುವುದಿಲ್ಲ. ಶಾನುಭೋಗರು ಪಟ್ಟಿ ಮೇಲೆ ಬರೆಯಿರಿ ಎಂದು ವಾಪಸ್ಸು ಕಳಿಸಿದರು. ಹುಡುಗಿ ತಿದ್ದಿದಳು, ತಿದ್ದುವಾಗ ಅದು ಏನು ಬರೆದಿತ್ತು ಅಂತ ಓದಲೇಬೇಕಾಯಿತು. ಅಷ್ಟು ಓದಿದವರು ಸಾಕು ನನಗೆ.

ಬೇಕಾದರೆ ಎಲ್ಲವನ್ನೂ ಪೈಥಾನ್‌ನಲ್ಲಿ ಹೊಸದಾಗಿ ಬರೆಯಿರಿ, ಬೇಸರವಿಲ್ಲ. ಒಂದೇ ಷರತ್ತು: ಗುಂಪಿನ ಕಂಪ್ಯೂಟರಿಗೆ 2 ಜಿ.ಬಿ. ನೆನಪು ಮಾತ್ರ ಇದೆ, ನೆಟ್ ಇಲ್ಲ, ಅದರಲ್ಲೇ ಓಡಬೇಕು; ಬರೆದ ಮೂಲ ಅದೇ ಫೋಲ್ಡರಿನಲ್ಲಿ, ಬೀಗವಿಲ್ಲದೆ ಇರಬೇಕು. ಲಜಾರಸ್ ಕೊಡುವುದು ಒಂದೇ ಫೈಲು, ಪೆನ್‌ಡ್ರೈವಿನಲ್ಲಿ ಒಯ್ದು ಇಟ್ಟರೆ ಓಡಿತು. ಡಿಬಗ್ ಮಾಹಿತಿ ಸಮೇತ ಕಂಪೈಲ್ ಮಾಡಿ, ಇಷ್ಟು ದಪ್ಪ ಯಾಕಾಯ್ತು ಅಂತ ನನ್ನ ಹಾಗೆ ಗಾಬರಿಯಾಗಬೇಡಿ, ಅದನ್ನು ತೆಗೆದರೆ ಇಳಿಯುತ್ತದೆ. ತಂತ್ರಾಂಶ ದಪ್ಪಗಾಗುವ ವೇಗಕ್ಕೆ ಯಂತ್ರದ ವೇಗ ಸಾಲದು ಅಂತ ವಿರ್ತ್ ಮೇಷ್ಟ್ರು 1995ರಲ್ಲೇ ಗೊಣಗಿದ್ದರು. ನಮ್ಮ ಗುಂಪಿನ ಕಂಪ್ಯೂಟರನ್ನು ನೋಡಿದ್ದರೆ ಇನ್ನೂ ಜೋರಾಗಿ ಗೊಣಗುತ್ತಿದ್ದರು.

ಫ್ರೀ ಪ್ಯಾಸ್ಕಲ್‌ನಲ್ಲಿ ವೇರಿಯೆಬಲ್ಲಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಲಾಗದು. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಗೂಡು, ಸೊಪ್ಪು, ಚಂದ್ರಿಕೆ ಅಂತ ಬರೆದಿದ್ದೇನೆ. ಪುಷ್ಪಾವರಣದೊಳಗಿನ ಟಿಪ್ಪಣಿಗಳಿಗೆ ಆ ಕಟ್ಟುಪಾಡಿಲ್ಲ, ಅವೆಲ್ಲ ಕನ್ನಡದಲ್ಲಿವೆ. ಯಾಕೆ ಹೀಗೆ ಮಾಡಿದೆ, ಯಾರು ಬೈದ ಮೇಲೆ ತಿದ್ದಿದೆ, ಎಲ್ಲ ಬರೆದಿಟ್ಟಿದ್ದೇನೆ. ಪ್ರೋಗ್ರಾಮಿಗಿಂತ ಟಿಪ್ಪಣಿಯೇ ಉದ್ದ ಆಗಿದೆ ಎಂದರೆ ಒಪ್ಪುತ್ತೇನೆ.

ಒಂದು ಕೆಲಸ ಅರ್ಧಕ್ಕೆ ನಿಂತಿದೆ. ಸದಸ್ಯರ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುವುದು. ಯೂನಿಕೋಡಿನಲ್ಲಿ ಳ ಅಕ್ಷರ ಲ ಆದಮೇಲೆ, ವ ಬರುವ ಮೊದಲೇ ಕೂತಿದೆ. ಸುಮ್ಮನೆ ಬೈಟು ಹೋಲಿಸಿ ಜೋಡಿಸಿದರೆ ಕಾಳಮ್ಮ ಮೊದಲು, ಕಾವೇರಮ್ಮ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ, ಕೊನೆಗೆ. ನಿವೃತ್ತ ಮೇಷ್ಟ್ರೊಬ್ಬರು ಪಟ್ಟಿ ನೋಡಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದರು. ಹೋಲಿಸುವ ಕಾರ್ಯ ಬರೆದು ಅದನ್ನು ಸರಿಮಾಡಿದೆ. ಉಳಿದದ್ದು ಸೊನ್ನೆ. ಯೂನಿಕೋಡಿನಲ್ಲಿ ಅನುಸ್ವಾರ ಎಲ್ಲ ಅಕ್ಷರಗಳಿಗಿಂತ ಮುಂದೆ ಇದೆ. ಹಾಗಾಗಿ ಚಂದ್ರಪ್ಪ, ಚನ್ನಪ್ಪನಿಗಿಂತ ಮೊದಲು ಬರುತ್ತಾನೆ. ಕಾಗುಣಿತದ ಪ್ರಕಾರ ಹೋದರೆ ಚೌ ಮುಗಿದ ಮೇಲೆ ಚಂ ಬರಬೇಕು, ಅಂದರೆ ಚಿಕ್ಕಣ್ಣ, ಚೆಲುವಯ್ಯ, ಚೌಡಪ್ಪ ಎಲ್ಲರೂ ಮುಂದೆ ಹೋಗಬೇಕು. ಗೂಡಿನ ಹಣ ಹಂಚುವಾಗ ಹೆಸರು ಕೂಗುವುದು ಈ ಪಟ್ಟಿಯ ಪ್ರಕಾರವೇ ಆದ್ದರಿಂದ ಗುಂಪಿನಲ್ಲಿ ಎರಡು ಪಕ್ಷವಾಗಿದೆ. ನನ್ನ ಹೆಸರು ಯಾವುದರಿಂದ ಶುರುವಾಗುತ್ತದೆ ಎಂದು ನಿಮ್ಮ ಅಪ್ಪಂದಿರಿಗೆ ಗೊತ್ತು, ಹಾಗಾಗಿ ನಾನು ತೀರ್ಮಾನ ಮಾಡುವ ಹಾಗಿಲ್ಲ.

ಹೋಲಿಕೆಯ ಫೈಲಿನಲ್ಲಿ, ಅನುಸ್ವಾರದ ಸಾಲಿನ ಪಕ್ಕ ಪುಷ್ಪಾವರಣ ತೆರೆದು 'ಇಲ್ಲಿಗೆ ನಿಲ್ಲಿಸಿದ್ದೇನೆ' ಎಂದು ಬರೆದಿದ್ದೇನೆ. ಭಾನುವಾರ ಹತ್ತು ಗಂಟೆಯ ಮೇಲೆ, ಸೊಪ್ಪು ಹಾಕಿ ಆದಮೇಲೆ, ಮನೆಯಲ್ಲೇ ಇರುತ್ತೇನೆ. ಬರುವವರು ಒಂದು ಖಾಲಿ ಪೆನ್‌ಡ್ರೈವ್ ತನ್ನಿ. ಹುಳದ ಮನೆಯ ಕಡೆ ಮಾತ್ರ ಸೆಂಟು ಹಾಕಿಕೊಂಡು ಬರಬೇಡಿ.

ಇಂತಿ,
ವಿರೂಪಾಕ್ಷಿಪುರದ ಒಬ್ಬ ಬೆಳೆಗಾರ